ಬೈರಿದೇವರಕೊಪ್ಪದಲ್ಲಿ ನಿಲ್ಲದ ಬಸ್ಸು

ವಿದ್ಯಾನಗರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನಿಗೆ ನಗೆಯ ಬರಗಾಲವೆಂಬುದಿಲ್ಲ. ನಾನು ಪುಸ್ತಕ ತೆರೆದು ಪ್ರಜಾಪ್ರಭುತ್ವ ಎನ್ನುತ್ತೇನೆ. ಹುಡುಗರು ಕಿಟಕಿಯಾಚೆ ರಸ್ತೆಯ ಗುಂಡಿ ತೋರಿಸುತ್ತಾರೆ.

ನಂಬಿಕೆ

ಒಮ್ಮೆ ಕ್ಲಾಸಿನಲ್ಲಿ ಕೇಳಿದೆ: "ರಾಜಕಾರಣದ ಮ್ಯಾಲೆ ನಂಬಿಕಿ ಯಾರಿಗೈತಿ?"

ಒಂದು ಕೈಯೂ ಏಳಲಿಲ್ಲ. ಬೈರಿದೇವರಕೊಪ್ಪದ ಮೆಕ್ಯಾನಿಕ್ ಒಬ್ಬರ ಮಗಳು ಎದ್ದು ನಿಂತಳು.

"ಸರ್, ಮುಂಜಾನಿ ಬಸ್ಸು ನಮ್ಮ ಬಡಾವಣ್ಯಾಗ ನಿಲ್ಲಂಗಿಲ್ಲ. ನಂದು ಹಾಜರಿ ಕಮ್ಮಿ ಬಿದ್ದೈತಿ. ಇನ್ನೊಂದು ದಿನಾ ತಪ್ಪಿದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ ಅಂತಾರ. ಒಂದು ಬಸ್ ನಿಲ್ಲಸಾಕ ಆಗದವರನ್ನ ಹೆಂಗ ನಂಬೂದ್ರಿ?"

"ನಿಮ್ಮ ಕಾರ್ಪೊರೇಟರ್‌ನ ಕೇಳಿಯೇನು?"

"ಇಲ್ರಿ."

"ಯಾಕ?"

"ನಂಬಿಕಿ ಇಲ್ಲಲ್ರಿ."

ನಾನು ಪುಸ್ತಕದ ಹಾಳೆ ತಿರುವತೊಡಗಿದೆ. ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಗಣಪತಿ ಪಟ್ಟಿ

ಕಡೆಗೆ ಪರೀಕ್ಷೆಯ ಹೆದರಿಕೆಗೆ ಅವಳು ಗೆಳತಿಯರನ್ನು ಕಟ್ಟಿಕೊಂಡು ಕಾರ್ಪೊರೇಟರ್ ಮನೆಗೆ ಹೋದಳು. ಹುಡುಗರ ಗುಂಪು ಬಾಗಿಲಿಗೆ ಬಂದರೆ ಗಣಪತಿ ಪಟ್ಟಿ, ಅಂದರೆ ಹಬ್ಬದ ಚಂದಾ, ಎತ್ತಲಿಕ್ಕೇ ಎಂಬುದು ಆ ಮನೆಯ ರೂಢಿ. ಕಾರ್ಪೊರೇಟರ್ ಮಾತು ಕೇಳುವ ಮೊದಲೇ ಕಿಸೆಗೆ ಕೈ ಹಾಕಿ, "ಈ ಸಲ ಗಣಪತಿ ಎಷ್ಟು ಫೂಟಿಂದವಾ?" ಎಂದರಂತೆ.

"ರೊಕ್ಕ ಬ್ಯಾಡ್ರಿ ಕಾಕಾ. ಬಸ್ ನಿಲ್ಲಸ್ರಿ."

"ರೊಕ್ಕಾನ ತಗೊಂಡು ಹೋಗ್ರೆವಾ. ನನಗ ಅದು ಸಸಾರ, ಬಸ್ ನಿಲ್ಲಸೂದು ತ್ರಾಸು."

ಹುಡುಗಿಯರು ಕದಲಲಿಲ್ಲ. ಚಹಾ ಬಂತು, ಕುಡಿದರು, ಮತ್ತೂ ಕೂತರು. ಒಳಗಿಂದ ಅವರ ಹೆಂಡತಿ, "ಇನ್ನೊಮ್ಮೆ ಚಹಾ ಇಡೂದಕ್ಕಿಂತ ಬಸ್ ನಿಲ್ಲಸೂದು ಛಲೋ ನೋಡ್ರಿ" ಎಂದರಂತೆ. ಕಾರ್ಪೊರೇಟರ್ ಅಲ್ಲೇ ಕೂತು ಫೋನ್ ಹಚ್ಚಿದರು.

ಹಾಜರಿ

ಖರೇ ಹೇಳುತ್ತೇನೆ, ಈ ಕೆಲಸ ಆಗುತ್ತದೆಂದು ನನಗೇ ಅನಿಸಿರಲಿಲ್ಲ. ಒಂದು ಸೋಮವಾರ ಬಸ್ಸು ನಿಂತೇಬಿಟ್ಟಿತು. ಕಾರ್ಪೊರೇಟರ್ ಬಸ್ಸಿಗೆ ಹಾರ ಹಾಕಿ, ಕಾಯಿ ಒಡೆದು, ಭಾಷಣ ಸುರು ಮಾಡಿದರು. ಡ್ರೈವರ್ ಇಂಜಿನ್ ಬಂದ್ ಮಾಡಿ ತಾನೂ ಇಳಿದು ಕೇಳುತ್ತ ನಿಂತ. ಹುಡುಗಿ ಗಡಿಯಾರ ನೋಡಿದಳು; ಕ್ಲಾಸು ಸುರುವಾಗುವ ಹೊತ್ತು ಮೀರುತ್ತಿತ್ತು.

"ಕಾಕಾ, ನನ್ನ ಹಾಜರಿ ಈಗ ನಿಮ್ಮಿಂದ ಹೊಂಟೈತಿ. ಬಂದು ನೀವ ನಮ್ಮ ಸರ್‌ಗೆ ಹೇಳ್ರಿ" ಎಂದು ಅವರನ್ನೇ ಬಸ್ಸು ಹತ್ತಿಸಿದಳು.

ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬಾಗಿಲಲ್ಲಿ ಗಂಡಸಿನ ದನಿ: "ಒಳಗ ಬರಲೇನ್ರಿ ಸರ್?" ತಿರುಗಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಪಕ್ಕದಲ್ಲಿ ನಮ್ಮ ಹುಡುಗಿ.

"ತಡಾ ಆಗಿದ್ದು ನನ್ನಿಂದರಿ. ಹುಡುಗಿಗೆ ಹಾಜರಿ ಹಾಕ್ರಿ. ನಾಳಿಯಿಂದ ವ್ಯಾಳ್ಯಾಕ್ಕ ಬರ್ತಾಳ."

ಹಾಜರಿ ಹಾಕಿದೆ. ಇಷ್ಟು ವರ್ಷದ ಪಾಠದಲ್ಲಿ ನನಗೆ ಅಂಥ ಸಂತೋಷ ಆಗಿರಲಿಲ್ಲ. ಅವರು ಕೈಮುಗಿದು ಹೋದ ಮೇಲೆ, ಹಿಂದಿನ ಬೆಂಚಿನಿಂದ ಕಮರಿಪೇಟೆಯ ಹುಡುಗನೊಬ್ಬ ಎದ್ದ. ಕಾಲೇಜು ಸೇರಿದಾಗಿನಿಂದ ನನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದವನಲ್ಲ.

"ಸರ್, ನಮ್ಮ ಓಣ್ಯಾಗ ನೀರು ಸರಿಯಾಗಿ ಬರಂಗಿಲ್ರಿ. ನಮ್ಮ ಕಾರ್ಪೊರೇಟರ್ ಇಲ್ಲಿ ಬಂದು ನಿಲ್ಲಬೇಕಂದ್ರ, ನಾ ಎಷ್ಟು ದಿನಾ ತಡಾ ಬರಬೇಕ್ರಿ?"