ಭಾವನ ಪಿಕಪ್ಪೂ ಬಾರದ ಅಪಾಯವೂ

ನನ್ನ ಭಾವನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದಾನೆ. ಒಂದು ಒಳ್ಳೆಯ ಅಪಾಯವನ್ನು ಮಾತ್ರ ಕೊಟ್ಟಿಲ್ಲ!

ನಗಬೇಡಿ. ಅದಕ್ಕಾಗಿ ಆ ಮನುಷ್ಯ ಎಷ್ಟು ತಯಾರಾಗಿ ಕುಳಿತಿದ್ದಾರೆಂದು ನಿಮಗೆ ಗೊತ್ತಿಲ್ಲ. ನನಗೆ ಗೊತ್ತು, ಯಾಕೆಂದರೆ ಆ ತಯಾರಿಯ ಒಂದೊಂದು ಕಬ್ಬಿಣದ ತುಂಡಿಗೂ ಬೆಸುಗೆ ಹಾಕಿದವನು ನಾನೇ. ಪಂಜ ಪೇಟೆಯಲ್ಲಿ ನನ್ನದೊಂದು ವೆಲ್ಡಿಂಗ್ ಅಂಗಡಿ ಇದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು ನಾನು. ಆದರೆ ಕಡಬದಿಂದ ಸುಳ್ಯದವರೆಗೆ ನಾನು ಮಾಡಿಕೊಟ್ಟ ಗೇಟುಗಳು ಇವತ್ತಿಗೂ ಕಿರ್ ಎನ್ನದೆ ತೆರೆದುಕೊಳ್ಳುತ್ತವೆ. ಎಂಜಿನಿಯರಿಂಗ್ ಕಲಿತವರು ನನ್ನ ಬೆಸುಗೆಯನ್ನು ಬೆರಳಲ್ಲಿ ಸವರಿ ನೋಡಿ, ಒಂದು ತಪ್ಪೂ ಸಿಗದೆ ಬೆರಳು ಒರೆಸಿಕೊಂಡು ಹೋಗಿದ್ದಾರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೂ ಹೌದು. ಮುಖ್ಯವಾಗಿ, ಮುಂದೆ ಬರುವ ಕಥೆಯಲ್ಲಿ ಎಲ್ಲಿಯಾದರೂ ಏನಾದರೂ ಕೈಕೊಟ್ಟರೆ ಅದು ಭಾವನ ತಲೆಯೇ ಹೊರತು ನನ್ನ ಬೆಸುಗೆಯಲ್ಲ ಎಂಬುದು ಮೊದಲೇ ನಿಮಗೆ ಗೊತ್ತಿರಲಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪಂಜದಿಂದ ಸ್ವಲ್ಪ ಒಳಗೆ, ಒಂದು ಗುಡ್ಡದ ನೆತ್ತಿಯಲ್ಲಿ ಅವರ ಮನೆ. ಮನೆಯಲ್ಲಿ ಇರುವುದು ಅವರಿಬ್ಬರೇ. ಭಾವನಿಗೆ ಒಂದು ಪಿಕಪ್ ಇದೆ. ರಬ್ಬರ್ ಶೀಟು, ಹಿಂಡಿ ಚೀಲ, ಮದುವೆ ಮನೆಯ ಕುರ್ಚಿ, ಏನು ಕೊಟ್ಟರೂ ಹೇರಿಕೊಂಡು ಸುಖವಾಗಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ನಮ್ಮ ಸುಳ್ಯದ ಕಡೆ ನೆಲ ಸ್ವಲ್ಪ ಅಲುಗಿತು. ಕಪಾಟಿನ ಲೋಟಗಳು ಟಿಣ್ ಎಂದವು. ಎಲ್ಲರೂ ಅಂಗಳಕ್ಕೆ ಬಂದರು, “ನಿಮ್ಮಲ್ಲಿಗೂ ಆಯ್ತಾ?” ಎಂದು ಫೋನಿನಲ್ಲಿ ವಿಚಾರಿಸಿಕೊಂಡರು, ಒಳಗೆ ಹೋಗಿ ನೀರುದೋಸೆ ತಿಂದರು. ಭಾವ ಮಾತ್ರ ಒಳಗೆ ಹೋಗಲಿಲ್ಲ. ಮಧ್ಯಾಹ್ನದವರೆಗೆ ಪಿಕಪ್ಪನ್ನೇ ನೋಡುತ್ತ ನಿಂತಿದ್ದರಂತೆ. ಮರುದಿನ ನನ್ನ ಅಂಗಡಿಗೆ ಬಂದರು.

“ಒಂದು ಸ್ಟ್ಯಾಂಡ್ ಆಗ್ಬೇಕಿತ್ತು ಮಾರಾಯ.”

“ಎಂತದಕ್ಕೆ ಭಾವ?”

“ಏಣಿಗೆ.”

“ಏಣಿ ಎಂತದಕ್ಕೆ?”

“ಜನ ಮೇಲೆ ಸಿಕ್ಕಿಬಿದ್ದರೆ?”

“ಮೇಲೆ ಅಂದ್ರೆ ಎಲ್ಲಿ?”

“ಅದು ಸಿಕ್ಕಿಬಿದ್ದ ಮೇಲೆ ಗೊತ್ತಾಗುದು!”

ಹಾಗೆ ಶುರುವಾಯಿತು. ಏಣಿಯ ನಂತರ ಹಗ್ಗದ ಸುರುಳಿಗೆ ಕೊಕ್ಕೆ, ಪಿಕ್ಕಾಸಿಗೆ ಬೆಲ್ಟು, ನೀರಿನ ಟ್ಯಾಂಕಿಗೆ ಕಟ್ಟೆ, ಹಳೆಯ ಮಡಚುವ ಮಂಚದಿಂದ ಒಂದು ಸ್ಟ್ರೆಚರು, ಕ್ಯಾಬಿನ್ನಿನ ತಲೆಯ ಮೇಲೆ ಯಕ್ಷಗಾನದ ರಂಗಸ್ಥಳಕ್ಕೆ ಸಾಕಾಗುವಷ್ಟು ದೊಡ್ಡ ಲೈಟು. ಒಂದು ದಿನ ಪುತ್ತೂರಿಗೆ ಹೋದವರು ಎರಡು ಲೈಫ್ ಜಾಕೆಟು ತಂದರು. ಗುಡ್ಡದ ನೆತ್ತಿಗೆ ಲೈಫ್ ಜಾಕೆಟು! ಅಲ್ಲಿಗೆ ನೆರೆ ಬರಬೇಕಾದರೆ ಮೊದಲು ಪುತ್ತೂರು, ಕಡಬ, ಪಂಜ ಮೂರೂ ಮುಳುಗಿ, ಮಂಗಳೂರಿನ ಹಡಗು ನನ್ನ ಅಂಗಡಿಯ ಎದುರು ಬಂದು ನಿಲ್ಲಬೇಕು. ಹಾಗೆಂದೇ ಕೇಳಿದೆ. ಭಾವ ನನ್ನನ್ನು ಕರುಣೆಯಿಂದ ನೋಡಿದರು.

“ಮುಳುಗುವ ದಿನ ನೀನು ನನ್ನ ಮನೆಗೇ ಓಡಿ ಬರುದು. ಒಂದು ಜಾಕೆಟ್ ನಿನಗೇ ತಂದದ್ದು.”

ಇಂಥವರೊಡನೆ ಹೇಗೆ ವಾದ ಮಾಡುತ್ತೀರಿ?

ಮನೆಯೊಳಗಿನ ತಯಾರಿ ಇನ್ನೂ ಘೋರ. ಬಾಗಿಲಿಗೊಂದು ಟಾರ್ಚು, ಮಂಚದಡಿ ನೀರಿನ ಕ್ಯಾನು, ಜಗಲಿ ತುಂಬ ಹಗ್ಗ. ಅಕ್ಕನ ಕರಿಮಣಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಸೀಟಿ! ಒಂದು ಸೀಟಿ ಊದಿದರೆ ಹಾವು, ಎರಡು ಊದಿದರೆ ಬೆಂಕಿ, ಮೂರು ಊದಿದರೆ ಭೂಕಂಪ. ಈ ಕಾನೂನು ಮಾಡುವಾಗ ಭಾವ ಒಂದು ಸಣ್ಣ ಸಂಗತಿಯನ್ನು ಮರೆತಿದ್ದರು. ಅವರ ಮನೆಯಲ್ಲಿ ಬೇಯುವುದು ಕುಚ್ಚಲಕ್ಕಿ, ಅದೂ ಕುಕ್ಕರಿನಲ್ಲಿ. ಕುಚ್ಚಲಕ್ಕಿ ಬೇಯಲು ಎಷ್ಟು ಸೀಟಿ ಬೇಕೆಂದು ನಿಮಗೆ ಗೊತ್ತೇ ಇದೆ. ಮೊದಲ ದಿನವೇ ಭಾವ ಬಚ್ಚಲಿನಿಂದ ಸೋಪಿನ ನೊರೆಯ ಸಮೇತ, ತುಂಡು ಬೈರಾಸು ಸುತ್ತಿಕೊಂಡು ಅಂಗಳಕ್ಕೆ ಹಾರಿ, “ಹೊರಗೆ ಬಾ! ಹೊರಗೆ ಬಾ!” ಎಂದು ಕಿರುಚಿದರು. ಅಕ್ಕ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳಂತೆ, “ಇನ್ನೂ ನಾಲ್ಕು ಭೂಕಂಪ ಆಗ್ಬೇಕು. ಆಮೇಲೆ ಊಟಕ್ಕೆ ಬನ್ನಿ.”

ಸದ್ದಿನ ವಿಷಯದಲ್ಲಿ ಭಾವನ ಗ್ರಹಗತಿಯೇ ಸರಿಯಿರಲಿಲ್ಲ. ಪಿಕಪ್ಪಿಗೊಂದು ಸೈರನ್ ಬೇಕೆಂದು ಎಲ್ಲೆಲ್ಲೋ ಹುಡುಕಿ, ಕಡೆಗೆ ಹಳೆಯ ಬಸ್ಸಿನದೊಂದು ಉದ್ದದ ಹಾರ್ನು ತಂದರು. ನಾನೇ ಕೂರಿಸಿಕೊಟ್ಟೆ. “ಇದನ್ನು ಕೇಳಿದ್ರೆ ಜನ ಮನೆ ಬಿಟ್ಟು ಹೊರಗೆ ಬರ್ಬೇಕು” ಎಂದರು. ಬಂದರು! ಗುಡ್ಡದ ಕೆಳಗಿನ ರಸ್ತೆಯಲ್ಲಿ ಪೋಂ... ಪೋಂ... ಎಂದು ಹೊಡೆದದ್ದೇ ತಡ, ಎರಡೂ ಬದಿಯ ಮನೆಗಳಿಂದ ಹೆಂಗಸರು ಪಾತ್ರೆ ಹಿಡಿದುಕೊಂಡು ಓಡಿ ಬಂದರು. ಹಿಂದೆ ಬೆಕ್ಕುಗಳು. ನಮ್ಮಲ್ಲಿ ದಿನಾ ಬೆಳಿಗ್ಗೆ ಅದೇ ರಾಗದಲ್ಲಿ ಬರುವುದು ಮೀನಿನ ಗಾಡಿ ತಾನೆ?

“ಬಂಗುಡೆ ಉಂಟಾ?”

“ಬಂಗುಡೆ ಅಲ್ಲ, ಇದು ಅಪಾಯದ ಸೂಚನೆ” ಎಂದರು ಭಾವ ಗಂಭೀರವಾಗಿ.

“ಹಾಗಾದ್ರೆ ಬೂತಾಯಿ ಮೀನಾ?”

ಸಾಲದ್ದಕ್ಕೆ, ಇಪ್ಪತ್ತು ನಿಮಿಷ ಕಳೆದು ನಿಜವಾದ ಮೀನಿನವನು ಬಂದಾಗ ಒಬ್ಬರೂ ಹೊರಗೆ ಬರಲಿಲ್ಲ. ಅವನು ಭಾವನ ಮನೆಗೇ ಬಂದು ಜಗಳ ತೆಗೆದ. ಹಾರ್ನನ್ನು ನಾನೇ ಬಿಚ್ಚಿದೆ.

ಆದರೆ ಎಲ್ಲಕ್ಕಿಂತ ಚಂದದ್ದು ಅವರ ಅಣಕು ರಕ್ಷಣೆ. ನಾನು ಗಾಯಾಳು. ಅಂಗಳದ ಮೂಲೆಯಲ್ಲಿ ಬಿದ್ದುಕೊಳ್ಳಬೇಕು, ಭಾವ ಬಂದು ಸ್ಟ್ರೆಚರಿನಲ್ಲಿ ಎತ್ತಬೇಕು. ಬಿದ್ದುಕೊಂಡೆ. ಭಾವ ಬಂದರು. ಬಂದವರು ಪಿಕಪ್ಪಿನ ಪೆಟ್ಟಿಗೆ ತೆರೆದು ಮೊದಲು ಹೊರಗೆ ತೆಗೆದದ್ದು ಏನು? ಬೆಲ್ಲದ ಡಬ್ಬಿ, ಹಿತ್ತಾಳೆಯ ತಂಬಿಗೆ, ತಟ್ಟೆ!

“ಇದೆಂತ ಭಾವ?”

“ಬೆಲ್ಲ ನೀರು ಕೊಡದೆ ಮಾತಾಡ್ಸುದು ಹೇಗೆ ಮಾರಾಯ? ಮನುಷ್ಯರಲ್ವಾ ನಾವು?”

ನಮ್ಮ ಊರಿನಲ್ಲಿ ಮನೆಗೆ ಯಾರೇ ಬಂದರೂ ಮೊದಲು ಬೆಲ್ಲ ಮತ್ತು ನೀರು, ಆಮೇಲೆ ಮಾತು. ಅದು ಸರಿಯೇ. ಆದರೆ ಕಾಲು ಮುರಿದು ಬಿದ್ದವನಿಗೆ? ಅಷ್ಟಕ್ಕೇ ಮುಗಿಯಲಿಲ್ಲ. ನಾನು ಬೆಲ್ಲ ಜಗಿಯುತ್ತಿರುವಾಗ ಭಾವ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, “ಯಾವ ಊರಾಯ್ತು? ಯಾರ ಪೈಕಿ?” ಎಂದು ಶುರು ಮಾಡಿದರು. ಗಾಯಾಳುವಿನ ಸಂಬಂಧ ಭಾವನ ನೆಂಟರಿರುವ ಕೆದಂಬಾಡಿಯ ಯಾವ ಮನೆಗೆ ಸೇರುತ್ತದೆ ಎಂಬುದು ಪತ್ತೆಯಾಗುವವರೆಗೆ ಅವನನ್ನು ನೆಲದಿಂದ ಎತ್ತುವ ಹಾಗಿಲ್ಲ! ಕೊನೆಗೆ ಬ್ಯಾಂಡೇಜಿಗೆಂದು ಅದೇ ಪೆಟ್ಟಿಗೆಗೆ ಕೈ ಹಾಕಿದವರು ಹಾವು ಕಚ್ಚಿದ ಹಾಗೆ ಹಾರಿದರು. ಬೆಲ್ಲಕ್ಕೆ ಬಂದ ಕೆಂಪಿರುವೆಗಳು ಹತ್ತಿಯೊಳಗೆ ಸಂಸಾರ ಹೂಡಿದ್ದವು. ಆ ದಿನದ ಏಕೈಕ ನಿಜವಾದ ಗಾಯಾಳು ಭಾವನೇ.

ಇಷ್ಟೆಲ್ಲ ಆಗುವಾಗ ಪಿಕಪ್ಪಿನಲ್ಲಿ ಒಂದು ಹಿಂಡಿ ಚೀಲ ಇಡಲೂ ಜಾಗ ಉಳಿಯಲಿಲ್ಲ. ಬಾಡಿಗೆಗೆ ಕರೆಯುವವರು ಬೇರೆ ಗಾಡಿ ನೋಡಿಕೊಂಡರು. ಮಳೆಗಾಲ ಶುರುವಾದ ದಿನ ಅಕ್ಕ ನನ್ನನ್ನೂ ಕರೆಸಿ, ಭಾವನನ್ನು ಎದುರಿಗೆ ಕೂರಿಸಿ, ತೀರ್ಪು ಕೊಟ್ಟಳು.

“ಚೌತಿಯವರೆಗೆ ನೋಡುದು. ಅಷ್ಟರಲ್ಲಿ ಒಂದೇ ಒಂದು ಅಪಾಯಕ್ಕಾದ್ರೂ ಈ ಗಾಡಿ ಉಪಕಾರಕ್ಕೆ ಬಂದ್ರೆ ಸರಿ, ನಾನು ಮತ್ತೆ ಬಾಯಿ ತೆರೆಯುದಿಲ್ಲ. ಬರದಿದ್ರೆ ಚೌತಿಯ ಮುಂಚಿನ ದಿನ ತಮ್ಮ ಗ್ಯಾಸ್ ಕಟ್ಟರ್ ತಕ್ಕೊಂಡು ಬರ್ತಾನೆ. ಒಂದು ಬೋಲ್ಟ್ ಉಳಿಯುದಿಲ್ಲ!”

ಭಾವ ಒಪ್ಪಿದರು. ನಮ್ಮ ಸೀಮೆಯ ಮಳೆಗಾಲದಲ್ಲಿ ಒಂದು ಅಪಾಯವಾದರೂ ಸಿಗದೇ ಇರುತ್ತದೆಯೇ ಎಂಬ ಧೈರ್ಯ.

ಸಿಗಲಿಲ್ಲ! ಆ ವರ್ಷದಷ್ಟು ಮರ್ಯಾದಸ್ಥ ಮಳೆಯನ್ನು ನಾನು ನೋಡಿಲ್ಲ. ಬೇಕಾದಾಗ ಬಂತು, ಸಾಕೆಂದಾಗ ನಿಂತಿತು. ಭಾವನ ಮುಖ ದಿನೇ ದಿನೇ ಸಣ್ಣದಾಯಿತು. ಅವರ ಕಷ್ಟ ಏನೆಂದರೆ ಅಪಾಯ ಬೇಕು, ಆದರೆ ಯಾರಿಗೂ ಕೆಟ್ಟದಾಗಬಾರದು. ಅವರು ದೇವರ ಎದುರು ನಿಂತು ಪಿಸುಗುಟ್ಟಿದ್ದನ್ನು ನಾನೇ ಕೇಳಿದ್ದೇನೆ: “ದೊಡ್ಡದೆಂತ ಬೇಡ ದೇವರೇ. ಒಂದು ಮರ ಅಡ್ಡ ಬೀಳ್ಲಿ. ಅಡಿಯಲ್ಲಿ ಯಾರೂ ಇರುದು ಬೇಡ. ಕರೆಂಟಿನ ವಯರೂ ಬೇಡ. ಮರದಲ್ಲಿ ಹಕ್ಕಿಗೂಡು ಇದ್ರೆ ಅದೂ ಬೇಡ.” ಇಷ್ಟೊಂದು ಷರತ್ತು ಹಾಕಿದರೆ ದೇವರು ತಾನೆ ಏನು ಮಾಡಬೇಕು?

ನಡುವೆ ಒಂದು ಆಸೆ ಹುಟ್ಟಿತು. ಕೆದಂಬಾಡಿಯ ನೆಂಟರೊಬ್ಬರ ದನ ಹಳೆಯ ಗುಂಡಿಗೆ ಬಿತ್ತೆಂದು ಫೋನು ಬಂತು. ಭಾವ ಹೊರಟ ರಭಸ ನೋಡಬೇಕಿತ್ತು! ನಾನೂ ಹತ್ತಿಕೊಂಡೆ. ಆದರೆ ಅಷ್ಟು ಕಬ್ಬಿಣ ಹೊತ್ತ ಪಿಕಪ್ಪು ಏರಿನಲ್ಲಿ ನಡೆಯುವುದೇ ತುಂಬು ಬಸುರಿಯ ಹಾಗೆ. ನಾವು ಮುಟ್ಟುವಷ್ಟರಲ್ಲಿ ದನ ತಾನೇ ಮೇಲೆ ಹತ್ತಿ ಬಂದು ಹುಲ್ಲು ತಿನ್ನುತ್ತಿತ್ತು. ಭಾವ ದನವನ್ನು ನೋಡಿದರು, ಗುಂಡಿಯನ್ನು ನೋಡಿದರು, ಮತ್ತೆ ದನವನ್ನು ನೋಡಿದರು. ನೆಂಟರಿಗೆ ನಾಚಿಕೆಯಾಗಿ, “ಇನ್ನೊಮ್ಮೆ ಬಿದ್ರೆ ನೀವು ಬರುವವರೆಗೆ ಹತ್ಲಿಕ್ಕೆ ಬಿಡುದಿಲ್ಲ ಭಾವ” ಎಂದು ಸಮಾಧಾನ ಹೇಳಿದರು. ತಿರುಗಿಸುವಾಗ ಪಿಕಪ್ಪಿನ ಹಿಂದಿನ ಚಕ್ರ ಅದೇ ಗುಂಡಿಗೆ ಇಳಿಯಿತು. ನೆಂಟರ ಟ್ರ್ಯಾಕ್ಟರು ಎಳೆದು ಹಾಕಿತು. ದನ ನೋಡುತ್ತಿತ್ತು.

“ಇದು ಲೆಕ್ಕಕ್ಕೆ ಬರ್ತದಾ?” ಎಂದು ಭಾವ ಮನೆಯಲ್ಲಿ ಮೆಲ್ಲಗೆ ಕೇಳಿದರು.

“ಬರ್ತದೆ,” ಎಂದಳು ಅಕ್ಕ. “ಟ್ರ್ಯಾಕ್ಟರಿನ ಲೆಕ್ಕಕ್ಕೆ.”

ಚೌತಿಗೆ ನಾಲ್ಕು ದಿನ ಉಳಿದಿತ್ತು. ಎಲ್ಲೆಲ್ಲಿ ಕತ್ತರಿಸಬೇಕೆಂದು ಗುರುತು ಹಾಕಲು ನಾನು ಸೀಮೆಸುಣ್ಣ ಹಿಡಿದುಕೊಂಡು ಹೋಗಿದ್ದೆ. ಭಾವ ಅಂಗಳದ ಅಂಚಿನಲ್ಲಿ ನನ್ನ ಕಡೆ ಬೆನ್ನು ಹಾಕಿ ನಿಂತಿದ್ದರು. ಅಕ್ಕ ನನಗೆ ಚಾ ತರುತ್ತಿದ್ದವಳು ಜಗಲಿಯಲ್ಲಿದ್ದ ಹಗ್ಗದ ಸುರುಳಿಗೆ ಕಾಲು ಸಿಕ್ಕಿಸಿಕೊಂಡು ಮೆಟ್ಟಿಲಿನಿಂದ ಕೆಳಗೆ ಬಿದ್ದಳು. ಲೋಟ ಒಂದು ಕಡೆ, ಅಕ್ಕ ಒಂದು ಕಡೆ. ಕಾಲ ಗಂಟು ನೋಡನೋಡುತ್ತಿದ್ದ ಹಾಗೆ ಬನ್ಸಿನಂತೆ ಉಬ್ಬಿತು.

ಬಂತಲ್ಲ ಮಾರಾಯ್ರೆ, ಅಪಾಯ! ಮನೆಬಾಗಿಲಿಗೇ ಬಂತು! ಸ್ಟ್ರೆಚರು ಹತ್ತು ಹೆಜ್ಜೆ ದೂರದಲ್ಲಿ, ಪಿಕಪ್ಪು ಅಂಗಳದಲ್ಲಿ, ಗಾಯಾಳು ಯಾರ ಪೈಕಿ ಎಂದು ಕೇಳುವ ಅಗತ್ಯವೂ ಇಲ್ಲ. ಇನ್ನೇನು ಬೇಕು?

ಭಾವ ಓಡಿ ಬಂದರು. ಸ್ಟ್ರೆಚರನ್ನು ನೋಡಲಿಲ್ಲ. ಪೆಟ್ಟಿಗೆ ತೆರೆಯಲಿಲ್ಲ. ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಪಿಕಪ್ಪಿನ ಪಕ್ಕದಿಂದಲೇ ಹಾದು, ಗುಡ್ಡದ ಇಳಿಜಾರಿನಲ್ಲಿ ಓಡತೊಡಗಿದರು! ನನ್ನ ಅಕ್ಕ ಹೂವಿನ ಹಾಗಿದ್ದಾಳೆಂದು ಅವಳ ವೈರಿಗಳೂ ಹೇಳುವುದಿಲ್ಲ. ಎರಡು ಹಿಂಡಿ ಚೀಲ ಎತ್ತಿದರೆ ಸೊಂಟ ಹಿಡಿಯುವ ಭಾವ, ಅವಳನ್ನು ಹೊತ್ತು ಕುದುರೆಯ ಹಾಗೆ ಹೋಗುತ್ತಿದ್ದಾರೆ.

“ಭಾವಾ, ಗಾಡಿ! ಗಾಡಿ!” ನಾನು ಹಿಂದಿನಿಂದ ಕೂಗಿದೆ.

“ರೀ, ಗಾಡಿ!” ಅಕ್ಕನೂ ಅವರ ಕಿವಿಯಲ್ಲೇ ಕೂಗಿದಳಂತೆ.

ಭಾವನಿಗೆ ಕೇಳಿಸಿದರೆ ತಾನೇ? ನಾನೇ ಗಾಡಿ ತರೋಣವೆಂದರೆ ಕೀ ಇರುವುದು ತುರ್ತು ಕೀಗಳ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಯ ಕೀ ಇರುವುದು ಭಾವನ ಸೊಂಟದಲ್ಲಿ, ಸೊಂಟ ಆಗಲೇ ಅರ್ಧ ಗುಡ್ಡ ಇಳಿದಿದೆ. ನಾನೂ ಓಡಿದೆ.

ಕೆಳಗಿನ ರಸ್ತೆಯಲ್ಲಿ ಅಂಗಡಿಗಳಿಗೆ ಐಸ್‌ಕ್ರೀಮ್ ಹಾಕುವ ಗಾಡಿ ಸಿಕ್ಕಿತು. ಅದರಲ್ಲೇ ಸುಳ್ಯದ ಆಸ್ಪತ್ರೆಗೆ ಹೋದೆವು. ಡ್ರೈವರು ಬುದ್ಧಿವಂತ. ಅಕ್ಕನ ಕಾಲ ಗಂಟಿಗೆ ಎರಡು ಐಸ್‌ಕ್ರೀಮ್ ಪ್ಯಾಕೆಟ್ ಇಟ್ಟು ಶಾಲಿನಿಂದ ಬಿಗಿದ. ಎಕ್ಸ್‌ರೇ ನೋಡಿದ ಡಾಕ್ಟರು, “ಸಣ್ಣ ಬಿರುಕು, ಹೆದರಬೇಡಿ. ಕೂಡಲೇ ತಣ್ಣಗಿನದ್ದು ಇಟ್ಟದ್ದು ಒಳ್ಳೆಯದಾಯ್ತು. ಯಾರಿಗೆ ಹೊಳೆದದ್ದು? ಏನಿಟ್ಟಿರಿ?” ಎಂದು ಮೆಚ್ಚಿಕೊಂಡರು. ಪ್ರಥಮ ಚಿಕಿತ್ಸೆಯ ಪುಸ್ತಕವನ್ನು ಮೂರು ಸಲ ಓದಿದ ಭಾವ ನೆಲ ನೋಡಿದರು.

“ಪಿಸ್ತಾ,” ಎಂದಳು ಅಕ್ಕ ನೋವಿನಲ್ಲೂ.

ಮೂರು ದಿನ ಕಳೆಯಿತು. ಚೌತಿಯ ಮುಂಚಿನ ದಿನ ಬೆಳಿಗ್ಗೆ ಭಾವ ಫೋನು ಮಾಡಿದರು.

“ಕಟ್ಟರ್ ತಕ್ಕೊಂಡು ಬಾ ಮಾರಾಯ. ಎಲ್ಲ ತೆಗೆದುಬಿಡುವ. ಆ ಹೊತ್ತಿಗೆ ನನಗೆ ಎಂತದೂ ನೆನಪಾಗ್ಲಿಲ್ಲ. ಅವಳು ಬಿದ್ದದ್ದೂ ನನ್ನ ಹಗ್ಗಕ್ಕೇ. ಇನ್ನೆಂತಕ್ಕೆ ಅದು?”

ಆ ಧ್ವನಿಯಲ್ಲಿ ಹಾಸ್ಯಕ್ಕೆ ಜಾಗವಿರಲಿಲ್ಲ. ನಾನು ಆಯಿತೆಂದೆ. ಸಿಲಿಂಡರು, ಪೈಪು, ಕನ್ನಡಕ ಎಲ್ಲ ಹೇರಿಕೊಂಡು ಹೋಗಿ ಅಂಗಳದಲ್ಲಿ ಇಳಿಸಿದೆ. ಯಾರೂ ಹೊರಗೆ ಬರಲಿಲ್ಲ. ಜಗಲಿ ಹತ್ತಿ ನೋಡಿದರೆ, ಅಕ್ಕ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದಾಳೆ. ಅವಳ ಮಡಿಲಿನಲ್ಲಿ ಭಾವನ ಪಾದ. ಅವಳು ಪಿನ್ನು ಹಿಡಿದು ಮುಳ್ಳು ತೆಗೆಯುತ್ತಿದ್ದಾಳೆ. ಒಂದಲ್ಲ, ಎರಡಲ್ಲ. ಮನುಷ್ಯ ಆ ದಿನ ಚಪ್ಪಲಿ ಇಲ್ಲದೆ ಓಡಿದ್ದರು. ನಾವಿಬ್ಬರೂ ನೋಡಿರಲಿಲ್ಲ, ಅವರೂ ಹೇಳಿರಲಿಲ್ಲ. ಅಂಗಾಲು ಪೂರಾ ಮುರಕಲ್ಲು ಗೀರಿದ ಗಾಯ.

“ಅಲುಗಾಡ್ಬೇಡಿ.”

“ಉರೀತದೆ ಮಾರಾಯ್ತಿ.”

“ಓಡುವಾಗ ಉರೀಲಿಲ್ವಾ?”

“ಆಗ ಗೊತ್ತಾಗ್ಲಿಲ್ಲ.”

ಅಕ್ಕನ ಕೈ ನಿಂತಿತು. ಪಿನ್ನನ್ನು ಹಾಗೆಯೇ ಹಿಡಿದುಕೊಂಡು ಸ್ವಲ್ಪ ಹೊತ್ತು ಆ ಪಾದವನ್ನೇ ನೋಡಿದಳು. ಮತ್ತೆ ತಲೆಯೆತ್ತದೆಯೇ ನನ್ನನ್ನು ಕೇಳಿದಳು.

“ಎಂತ, ಕತ್ತರಿಸ್ಲಿಕ್ಕೆ ಬಂದದ್ದಾ?”

ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ನಾನು ಯಾರ ಅಂಗಳದಿಂದಲೂ ವಾಪಸು ಬಂದವನಲ್ಲ. ಸಿಲಿಂಡರನ್ನು ಆ ಬೆಳಿಗ್ಗೆಯಷ್ಟೇ ತುಂಬಿಸಿ ತಂದಿದ್ದೆ.

“ಗ್ಯಾಸ್ ಮುಗ್ದಿದೆ ಅಕ್ಕ” ಎಂದೆ.

“ಹಾಗಾದ್ರೆ ಇರ್ಲಿ” ಎಂದು ಅವಳು ಮುಂದಿನ ಮುಳ್ಳಿಗೆ ಬಗ್ಗಿದಳು.