ಈರೇಶನ ಆನೆಗಳೂ ನನ್ನ ಕುದುರೆಗಳೂ

ದುಃಖದಲ್ಲಿರುವವರನ್ನು ಮಾತಾಡಿಸುವುದು ಒಂದು ಕಲೆ. ಆ ಕಲೆ ನನಗೆ ಹುಟ್ಟಿನಿಂದಲೇ ಸಿದ್ಧಿಸಿದೆ ಎಂದು ಡೆಟ್ರಾಯ್ಟ್ ಪಕ್ಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಗರಾಜಿನಲ್ಲಿ ನಿಂತು ಹೆಂಡತಿಗೆ ಘೋಷಿಸಿದೆ.

"ನೋಡ್ತಾ ಇರು ಶೈಲಾ. ರುದ್ರಮ್ಮನವರು ಇವತ್ತು ಬಾಯಿ ಬಿಟ್ಟು ಮಾತಾಡ್ತಾರೆ. ಮಾತಾಡಿಸೋನು ನಾನು."

"ನೀವು ಬಾಯಿ ಮುಚ್ಕೊಂಡಿದ್ರೆ ಅಷ್ಟೇ ಸಾಕು. ಹತ್ತಿ ಕಾರು," ಅಂದಳು ಶೈಲಾ.

ನಾವು ಹೊರಟಿದ್ದು ಶಿಕಾಗೊ ಪಕ್ಕದ ನೇಪರ್‌ವಿಲ್‌ಗೆ, ನನ್ನ ಗೆಳೆಯ ಈರೇಶನ ಮನೆಗೆ. ಈರೇಶ ಹೋಗಿಬಿಟ್ಟಿದ್ದ. ಎದೆ ಹಿಡಿದುಕೊಂಡಂತಾಗ್ತಿದೆ ಎಂದು ಆಸ್ಪತ್ರೆಗೆ ಹೋದವನು ವಾಪಸ್ಸು ಬರಲಿಲ್ಲ. ಜೊತೆಗೇ ಇದ್ದ ಅವನ ತಾಯಿ ರುದ್ರಮ್ಮ ಆವತ್ತಿನಿಂದ ಒಂದು ಮಾತೂ ಆಡಿರಲಿಲ್ಲ. ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಅವನ ಹೆಂಡತಿ ವಾಣಿಶ್ರೀ ಫೋನಿನಲ್ಲಿ, "ಅತ್ತಿಯವರು ಹಿಂಗ ಕುಂತಬಿಟ್ಟಾರ್ರೀ ಅಣ್ಣಾ. ನನಗ ಭಾಳ ಅಂಜಿಕಿ ಆಗೇತಿ. ನೀವರೆ ಬಂದು ಮಾತಾಡಸ್ರಿ," ಎಂದು ಅತ್ತಿದ್ದಳು. ಇಷ್ಟು ದೊಡ್ಡ ಜವಾಬ್ದಾರಿಯನ್ನು ನನ್ನಂಥವನ ತಲೆಗೆ ಕಟ್ಟಿದ್ದು ಆಕೆಯ ದುಃಖಕ್ಕೆ ಸಾಕ್ಷಿ.

ಈರೇಶನಿಗೂ ನನಗೂ ಇದ್ದ ನಂಟು ಯುದ್ಧದ್ದು. ಪ್ರತಿ ಶನಿವಾರ ಮಧ್ಯಾಹ್ನ ಅವನು ಅವನ ಬೇಸ್‌ಮೆಂಟಿನಲ್ಲಿ, ನಾನು ನನ್ನ ಬೇಸ್‌ಮೆಂಟಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದು ಚರಿತ್ರೆಯ ಯುದ್ಧದಾಟ ಆಡುತ್ತಿದ್ದೆವು. ಒಬ್ಬೊಬ್ಬರು ಒಂದೊಂದು ಸಾಮ್ರಾಜ್ಯ ಹಿಡಿದು ಕೋಟೆ ಕಟ್ಟಬೇಕು, ಸೈನ್ಯ ಬೆಳೆಸಬೇಕು, ಇನ್ನೊಬ್ಬನನ್ನು ನಿರ್ನಾಮ ಮಾಡಬೇಕು. ಪ್ರತಿ ಸಾಮ್ರಾಜ್ಯಕ್ಕೂ ಬೇರೆ ಯಾರಿಗೂ ಸಿಗದ ಒಂದು ವಿಶೇಷ ಪಡೆ ಇರುತ್ತದೆ. ಯಾರ ವಿಶೇಷ ಪಡೆ ಎಲ್ಲಕ್ಕಿಂತ ಶ್ರೇಷ್ಠ? ನಮ್ಮಿಬ್ಬರ ಆಯುಷ್ಯ ಸವೆದಿದ್ದು ಈ ಒಂದು ಪ್ರಶ್ನೆಯಲ್ಲಿ.

ಈರೇಶ ನಮ್ಮ ದೇಶದ ಆನೆಪಡೆಯ ಕಟ್ಟಾಳು. ನಾನು ಮಂಗೋಲರ ಕುದುರೆ ಬಿಲ್ಲುಗಾರರ ಪರ.

"ಕನ್ನಡ ತಾಯಿ ಹೊಟ್ಯಾಗ ಹುಟ್ಟಿ ಮಂಗೋಲರ ಬಾಲಾ ಹಿಡದೀಯಲ್ಲೋ ಬದರಿ," ಎಂದು ಬೈಯುವನು.

"ನಿನ್ನ ಆನೆ ಕೋಟೆ ಬಾಗಿಲಿಗೆ ಬರೋ ಹೊತ್ತಿಗೆ ನನ್ನ ಕುದುರೆ ನಿನ್ನ ಊರನ್ನೇ ಸುಟ್ಟು, ಊಟ ಮಾಡಿ, ಕೈ ತೊಳ್ಕೊಂಡಿರುತ್ತೆ," ಎನ್ನುತ್ತಿದ್ದೆ.

"ತಡಿಯೋ. ನನ್ನ ಆನಿ ತಡಾ ಮಾಡ್ತಾವ, ಆದ್ರ ಬರ್ತಾವ."

ಇದು ಅವನ ಆನೆಗಳಿಗೆ ಮಾತ್ರವಲ್ಲ, ಅವನಿಗೂ ಅನ್ವಯಿಸುತ್ತಿತ್ತು. ಯಾವ ಮನೆಯ ಹುಟ್ಟುಹಬ್ಬಕ್ಕೂ ಕೇಕು ಮುಗಿದ ಮೇಲೆಯೇ ಅವನ ಆಗಮನ. ಕೇಳಿದರೆ, ನಿಮ್ಮ ಡೆಟ್ರಾಯ್ಟಿನ ಗಡಿಯಾರ ಒಂದು ತಾಸು ಮುಂದೆ ಓಡಿದರೆ ನನ್ನ ತಪ್ಪೇ ಎನ್ನುವನು. ಬೂಟಿನ ಲೇಸನ್ನು ಕಟ್ಟಲೂ ಆಸಾಮಿಗೆ ಪುರಸೊತ್ತಿಲ್ಲ. ಬಿಚ್ಚಿದ ಲೇಸಿನಲ್ಲೇ ಬೂಟು ಎಳೆದುಕೊಂಡು, ಸರಬರ ಸದ್ದು ಮಾಡುತ್ತಾ ಬರುವನು. ಅವನ ಮನೆ ಮುಂದಿನ ಡ್ರೈವ್‌ವೇಯಲ್ಲಿ ಆ ಸದ್ದು ಕೇಳಿದರೆ ಸಾಕು, ರುದ್ರಮ್ಮ ಒಳಗೆ ಒಲೆಯ ಮೇಲೆ ಚಹಾಕ್ಕೆ ಇಡುತ್ತಿದ್ದರು. ಶನಿವಾರ ನಾವು ಕಾದಾಡುವಾಗ ಮಗನ ಪಕ್ಕದಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ನನ್ನ ಕುದುರೆಗಳನ್ನು ಅವರು ಬೈದಿದ್ದು ಎಷ್ಟೋ ಸಲ ಹೆಡ್‌ಫೋನಿನಲ್ಲಿ ನನ್ನ ಕಿವಿಗೇ ಬಿದ್ದಿತ್ತು.

ದಾರಿಯುದ್ದಕ್ಕೂ ಶೈಲಾ ನನಗೆ ಪಾಠ ಮಾಡಿದಳು.

"ಚೆನ್ನಾಗಿದೀರಾ ಅಂತ ಕೇಳ್ಬೇಡಿ. ಕಾಫಿ ಟೀ ಕೊಟ್ರೆ ಬೇಡ ಅನ್ನಿ, ಸೂತಕದ ಮನೇಲಿ ಏನೂ ಬಾಯಿಗೆ ಹಾಕಬಾರದು. ಆ ಹಾಳು ಆಟದ ವಿಷಯ ಎತ್ತಲೇಬೇಡಿ. ಮುಖ್ಯವಾಗಿ, ಹೊರಡೋವಾಗ 'ಬರ್ತೀನಿ' ಅನ್ನಕೂಡದು. ಸುಮ್ನೆ ಎದ್ದು ಬಂದುಬಿಡ್ಬೇಕು."

"ಅಷ್ಟೂ ಗೊತ್ತಿಲ್ವೇನೇ ನಂಗೆ?"

"ನಿಮಗೆ ಏನು ಗೊತ್ತು ಅಂತ ನಂಗೆ ಗೊತ್ತು. ಫೋನ್ ಸೈಲೆಂಟ್ ಮಾಡಿ."

ಮಾಡಿದೆ. ಸೈಲೆಂಟ್ ಮಾಡಿದ್ದು ಶೈಲಾಳ ಫೋನನ್ನು ಎಂದು ಆಮೇಲೆ ತಿಳಿಯಿತು.

ಈರೇಶನ ಮನೆ ಬಾಗಿಲಲ್ಲಿ ಬೂಟು ಚಪ್ಪಲಿಗಳ ಗುಡ್ಡೆ. ಅದರಲ್ಲಿ ಈರೇಶನ ಕಪ್ಪು ಬೂಟುಗಳೂ ಇದ್ದವು. ತೆಗೆದಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ನನ್ನ ಕಾಲಲ್ಲಿದ್ದುದೂ ಅಂಥದೇ ಜೋಡು. ಥ್ಯಾಂಕ್ಸ್‌ಗಿವಿಂಗ್ ಸೇಲಿನಲ್ಲಿ ಇಬ್ಬರೂ ಒಟ್ಟಿಗೇ ಕೊಂಡಿದ್ದೆವು, ಅವನದು ಎರಡು ಸೈಜು ದೊಡ್ಡದು ಅಷ್ಟೆ. ನನ್ನವನ್ನು ಅವುಗಳ ಪಕ್ಕದಲ್ಲಿ ಬಿಟ್ಟೆ.

ಹಾಲಿನಲ್ಲಿ ಜನ ಗೋಡೆಗೆ ಒರಗಿ ಕೂತಿದ್ದರು. ರುದ್ರಮ್ಮ ಸೋಫಾದ ತುದಿಯಲ್ಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದರು. ನಾನು ಹೋಗಿ ಮುಂದೆ ಕೂತೆ. ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತು ಗಂಟಲವರೆಗೂ ಬಂತು. ಏನೋ ಆತ್ಮ, ಅಮರ, ಕಾಲ ಎಂದೆಲ್ಲ ಇದ್ದ ಘನವಾದ ವಾಕ್ಯ ಅದು.

"ಅಮ್ಮಾ, ಈ ಆತ್ಮ ಅನ್ನೋದು..." ಎಂದೆ.

ಆಗ ನನ್ನ ಜೇಬಿನಲ್ಲಿ ಆನೆ ಘೀಳಿಟ್ಟಿತು.

ಅದು ಈರೇಶನದೇ ಕಿತಾಪತಿ. ಒಂದು ಆಟದಲ್ಲಿ ನಾನು ಸೋತಾಗ ಶಿಕ್ಷೆಯೆಂದು ಆಟದ ಆನೆಯ ಕೂಗನ್ನೇ ನನಗೆ ರಿಂಗ್‌ಟೋನ್ ಮಾಡಿಸಿದ್ದ. ನಾನು ಜೇಬಿಗೆ ಕೈ ಹಾಕಿದೆ, ಫೋನು ಅಡ್ಡವಾಗಿ ಸಿಕ್ಕಿಕೊಂಡಿತು, ಆನೆ ಮತ್ತೆ ಮತ್ತೆ ಘೀಳಿಟ್ಟಿತು. ಮೂಲೆಯಲ್ಲಿದ್ದ ಈರೇಶನ ಮಗಳು ವರ್ಷಾ ಬಾಯಿಗೆ ಕೈ ಅಡ್ಡ ಹಿಡಿದು, "ಓ ಮೈ ಗಾಡ್, ದಟ್ಸ್ ಡ್ಯಾಡ್ಸ್ ಎಲಿಫೆಂಟ್," ಎಂದು ನಕ್ಕು, ಆ ನಗು ಅರ್ಧಕ್ಕೇ ಅಳುವಾಗಿ, ಮೆಟ್ಟಿಲೇರಿ ಓಡಿಹೋದಳು. ರುದ್ರಮ್ಮನ ಕತ್ತು ಒಂದು ಚೂರು ನನ್ನ ಕಡೆ ತಿರುಗಿತು. ಅಷ್ಟೆ.

"ಏನಪ್ಪಾ ಅದು ಶಬ್ದ?" ಎಂದು ಪಕ್ಕದಲ್ಲಿದ್ದ ಶ್ರೀಹರಿ ಅಂಕಲ್ ಕೇಳಿದರು. ಅವರು ಈರೇಶನ ನೆರೆಮನೆಯ ಹಿರಿಯರು.

ಶೈಲಾಳ ಕಣ್ಣು ನನ್ನನ್ನು ಇರಿಯುತ್ತಿತ್ತು. ಕೇಳಿದವರು ಹಿರಿಯರು, ಉತ್ತರ ಕೊಡದಿರುವುದು ಹೇಗೆ? ಹೇಳಿದೆ. ಆಟ, ಸಾಮ್ರಾಜ್ಯ, ವಿಶೇಷ ಪಡೆ, ಈರೇಶನ ಆನೆ, ಎಲ್ಲ.

ಅಂಕಲ್ ತಲೆಯಾಡಿಸಿದರು. "ಆನೆ ಏನು ಪ್ರಯೋಜನ? ಭಾರಿ ದೇಹ, ಮಂದ ನಡೆ. ಚರಿತ್ರೆಯಲ್ಲಿ ಗೆದ್ದಿದ್ದೆಲ್ಲ ಕುದುರೆ."

ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡು ಹೇಳಿದ್ದೂ ಇದನ್ನೇ. ಹೌದು ಅಂಕಲ್ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನೆಯಲ್ಲಿ ಆನೆಯ ಪರ ಮಾತಾಡುವವನೇ ಇರಲಿಲ್ಲ. ಅವನ ಕುರ್ಚಿ ಖಾಲಿ ಇತ್ತು. ನನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ.

"ಅಂಕಲ್, ನಿಮಗೆ ಆನೆ ವಿಷಯ ಏನು ಗೊತ್ತು?"

"ಅಲ್ಲಪ್ಪಾ, ನಾನು ಹೇಳಿದ್ದು..."

"ಬಾಣ ಬಿಟ್ರೆ ಕುದುರೆ ಬೀಳುತ್ತೆ. ಆನೆ ಬೀಳುತ್ತಾ? ಕೋಟೆ ಬಾಗಿಲು ಒಡೆಯೋರು ಯಾರು, ಕುದುರೇನಾ? ತಡ ಆಗುತ್ತೆ, ಒಪ್ಕೋತೀನಿ. ತಡ ಆದ್ರೇನು? ಬರಲ್ವಾ? ಬರುತ್ತೆ ಅಂಕಲ್, ಆನೆ ಬಂದೇ ಬರುತ್ತೆ!"

ಎದ್ದು ನಿಂತಿದ್ದೇನೆ, ಕೈ ಎತ್ತಿದ್ದೇನೆ, ಕಣ್ಣಲ್ಲಿ ನೀರು ಸುರಿಯುತ್ತಿದೆ. ಇಡೀ ಇಲಿನಾಯ್ ರಾಜ್ಯ ನನ್ನನ್ನೇ ನೋಡುತ್ತಿದೆ ಎನಿಸಿ, ಅವಮಾನದಿಂದ ಬಾಗಿಲ ಕಡೆ ದಾಪುಗಾಲು ಹಾಕಿದೆ. ಬಾಗಿಲಲ್ಲಿ ತಿರುಗಿ, ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ್ದ ಅಭ್ಯಾಸದಂತೆ ಕೈ ಮುಗಿದು ಸ್ಪಷ್ಟವಾಗಿ ಹೇಳಿದೆ:

"ಬರ್ತೀನಮ್ಮಾ."

ಯಾರೋ "ಛೇ" ಅಂದರು. ಸಿಕ್ಕ ಬೂಟಿನೊಳಗೆ ಕಾಲು ತುರುಕಿಕೊಂಡು ಎಡವುತ್ತಾ ಓಡಿ ಕಾರು ಸೇರಿದೆ.

"ಕೀ ಕೊಡಿ, ನಾನೇ ಡ್ರೈವ್ ಮಾಡ್ತೀನಿ," ಎಂದಳು ಶೈಲಾ. ಅವಳು ಬೈದರೆ ನನಗೆ ಸಮಾಧಾನ, ಸುಮ್ಮನಿದ್ದರೆ ಕಷ್ಟ.

"ನಾಕು ಮಾತು ಬೇಡ ಅಂತ ಹೇಳಿದ್ದೆ," ಎಂದಳು ಕೊನೆಗೆ. "ಅದನ್ನೇ ಹುಡುಕಿ ಹುಡುಕಿ ಹೇಳಿ ಬಂದ್ರಿ. ಆ ತಾಯಿ ಕರುಳಿಗೆ ಏನಾಯ್ತೋ."

ಹೆದ್ದಾರಿ ಸೇರುವ ಮುಂಚೆ ಪೆಟ್ರೋಲ್ ಹಾಕಿಸಲು ನಿಂತೆವು. "ಕಾಫಿ ತರ್ತೀನಿ," ಎಂದೆ. "ಸಕ್ಕರೆ ಹಾಕ್ಕೋಬೇಡಿ, ಶುಗರ್ ಏರಿದೆ," ಎಂದಳು. ನಾನು ಇಳಿದು ಹೆಜ್ಜೆ ಇಟ್ಟೆ. ಕಾಲು ಮುಂದೆ ಹೋಯಿತು, ಬೂಟು ಹಿಂದೆ ಉಳಿಯಿತು.

ಕೆಳಗೆ ನೋಡಿದೆ. ಲೇಸು ಬಿಚ್ಚಿದ ದೊಡ್ಡ ಬೂಟು.

"ಶೈಲಾ," ಎಂದೆ. ಕಾಲು ತೋರಿಸಿದೆ.

ಅವಳು ನೋಡಿದಳು. ಸ್ಟೀರಿಂಗ್ ಮೇಲೆ ಹಣೆ ಇಟ್ಟುಕೊಂಡಳು. ಸಾವಿನ ಮನೆಗೆ ಒಂದೇ ದಿನ ಎರಡು ಸಲ ಯಾರೂ ಹೋಗುವುದಿಲ್ಲ. ಆದರೆ ಬಾಗಿಲಲ್ಲಿ ಅವನ ಬೂಟು ಕಾಣದಿದ್ದರೆ ಆ ಮನೆಯವರ ಗತಿಯೇನು? ಶೈಲಾ ಕಾರು ತಿರುಗಿಸಿದಳು.

ನನ್ನ ಯೋಜನೆ ಸರಳವಾಗಿತ್ತು. ಕಳ್ಳನಂತೆ ಹೋಗಿ, ಅವನದನ್ನು ಬಿಟ್ಟು, ನನ್ನದನ್ನು ಹಾಕಿಕೊಂಡು, ಉಸಿರು ಬಿಡದೆ ಬರುವುದು. ಆದರೆ ಆ ಬೂಟಿನಲ್ಲಿ ಕಾಲೆತ್ತಿ ನಡೆದರೆ ಕಳಚಿಹೋಗುತ್ತದೆ. ಎಳೆದುಕೊಂಡೇ ಹೋಗಬೇಕು. ಡ್ರೈವ್‌ವೇ ಉದ್ದಕ್ಕೂ ಸರಬರ, ಸರಬರ. ಬಾಗಿಲಲ್ಲಿ ಯಾರೋ ಪುಣ್ಯಾತ್ಮರು ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟಿದ್ದರು. ನನ್ನವು ಕಾಣಲಿಲ್ಲ. ಬಗ್ಗಿ ಹುಡುಕುತ್ತಾ ಅತ್ತ ಸರಬರ, ಇತ್ತ ಸರಬರ.

"ಈರ್ಯಾ?"

ತಲೆ ಎತ್ತಿದೆ. ಬಾಗಿಲಲ್ಲಿ ರುದ್ರಮ್ಮ ನಿಂತಿದ್ದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು. "ತಪ್ಪಾಯ್ತಮ್ಮಾ. ನಾನು, ಬದರಿ. ಬೂಟು ಅದಲುಬದಲಾಯ್ತು," ಎಂದೆ.

ಅವರು ನನ್ನ ಮುಖ ನೋಡಿದರು. ಕಾಲು ನೋಡಿದರು. ಮೆಲ್ಲಗೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಬೂಟಿನ ಬಿಚ್ಚಿದ ಲೇಸನ್ನು ಕೈಗೆ ತೆಗೆದುಕೊಂಡು ಕಟ್ಟತೊಡಗಿದರು. ಗಂಟು ನಿಲ್ಲಲಿಲ್ಲ.

"ಒಂದ್ ದಿನರೆ ಕಟ್ಟಲಿಲ್ಲ ನೋಡೋ," ಎಂದರು. "ಬಿದ್ದೀಯೋ ಈರ್ಯಾ, ಬಿದ್ದೀಯೋ ಅಂತ ಬಡಕೊಂಡೆ. ಒಂದ್ ದಿನರೆ ನನ್ನ ಮಾತು ಕೇಳಲಿಲ್ಲ."

ಆ ಬೂಟಿನ ಮೇಲೆ ತಲೆಯಿಟ್ಟು ಅತ್ತರು. ಒಳಗಿಂದ ವಾಣಿಶ್ರೀ ಓಡಿ ಬಂದು ತಬ್ಬಿಕೊಂಡಳು. ಕಾರಿನಿಂದ ಇಳಿದು ಬಂದ ಶೈಲಾ ನನ್ನ ತೋಳು ಹಿಡಿದುಕೊಂಡಳು. ನಾನು ಒಂದು ಕಾಲನ್ನು ಅಲುಗಿಸದೆ ನಿಂತಿದ್ದೆ. ಅಲುಗಿಸಿದ್ದರೆ ಅವರ ಹಣೆಗೆ ತಾಗುತ್ತಿತ್ತು.

ಕಡೆಗೆ ರುದ್ರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಬರ್ತೀನಿ ಅಂದಿದ್ದಿ, ಬಂದಿ. ಕುದುರಿ ಕುದುರಿ ಅಂತ ಅವನ ಕೂಡ ಜಗಳ ತಗೀತಿದ್ದಿಯಲ್ಲ ಬದರಿ, ಕಡೀಕ ಬಂದಿದ್ದು ಆನೀನ."

"ಹೌದಮ್ಮಾ. ನಾನು ಸೋತೆ," ಎಂದೆ.

"ಹಂಗಾರ ಒಳಗ ಬಾ. ಸಪ್ಪಳ ಕೇಳಿ ಅವ ಬಂದ ಅಂತ ಒಲಿ ಮ್ಯಾಲೆ ಚಾ ಇಟ್ಟಬಿಟ್ಟೀನಿ. ಕುಡದು ಹೋಗು."

ಒಳಗೆ ಹೋಗಿ ಕೂತೆ. ಲೋಟದಲ್ಲಿ ಸಕ್ಕರೆ ಈರೇಶನ ರುಚಿಗೆ ಬಿದ್ದಿತ್ತು, ಪಾಯಸದಷ್ಟು ಸಿಹಿ. ಶೈಲಾ ಎದುರಿಗೇ ಕೂತಿದ್ದಳು. ಬೇಡ ಅನ್ನಲಿಲ್ಲ.