ಇನ್ನೂರರಲ್ಲಿ ಒಬ್ಬ

ಎಲ್ಲಕ್ಕೂ ಮೂಲ ಒಂದು ಪ್ಲಮ್ ಸಾರಾಯಿಯ ಬಾಟಲಿ. ಅದರ ಚೀಟಿಯ ಮೇಲೆ ‘200 ಮಿಲಿ’ ಎಂದು ಅಚ್ಚಾಗಿರದಿದ್ದರೆ ಸೆವೆರಿನ್ ಬೊಬೊಕ್‌ನ ಮಾನ ಉಳಿಯುತ್ತಿತ್ತು.

ಈಸ್ಟರ್ ಊಟದ ದಿನ ಅವನ ಮಾವ, ನಿವೃತ್ತ ಮೇಜರ್ ಹರಲಂಬಿಯೆ, ಎಂದಿನಂತೆ ತಮ್ಮ ವಂಶದ ಯೋಧರನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಗಿಸಿದರು. ಆಮೇಲೆ ನೀರು ಸರಬರಾಜು ಕಚೇರಿಯ ಗುಮಾಸ್ತನಾದ ಅಳಿಯನ ಕಡೆ ತಿರುಗಿದರು.

“ನಿಮ್ಮ ಕಡೆ ಯಾರಾದ್ರೂ ಬಂದೂಕು ಮುಟ್ಟಿದ್ದುಂಟಾ ಅಳಿಯಂದ್ರೇ?”

“ನಮ್ಮ ಮುತ್ತಜ್ಜ ಇರಿಮಿಯಾಗೆ ಮೊದಲ ಮಹಾಯುದ್ಧದಲ್ಲಿ ಶೌರ್ಯ ಪದಕ ಬಂದಿತ್ತು.”

“ಎಲ್ಲರಿಗೂ ಹಂಚಿದ್ದೋ, ಇಲ್ಲ ಅಪರೂಪದ್ದೋ? ಒಟ್ಟು ಎಷ್ಟು ಜನಕ್ಕೆ ಕೊಟ್ಟಿದ್ರು?”

ಸೆವೆರಿನ್‌ನ ಕಣ್ಣು ಬಾಟಲಿಯ ಮೇಲಿತ್ತು. “ಇನ್ನೂರು ಜನಕ್ಕೆ,” ಅಂದ.

ಹದಿನಾರು ವರ್ಷದ ಅಳಿಯತನದಲ್ಲಿ ಮೊದಲ ಸಲ ಮಾವ ಅವನ ಲೋಟಕ್ಕೆ ತಾವೇ ಸುರಿದರು.

ಪದಕ ಇದ್ದದ್ದು ನಿಜ. ಅಜ್ಜಿಯ ಗುಂಡಿಗಳ ಡಬ್ಬಿಯಲ್ಲಿ, ಸುಟ್ಟ ರೊಟ್ಟಿಯಂತೆ ಕರ್ರಗೆ ಬಿದ್ದಿತ್ತು. ರಾಜನ ಗಡ್ಡ ಕಾಣುತ್ತಿತ್ತು, ಅದರ ಕೆಳಗೆ ‘ವಿ’ ಅನ್ನುವಷ್ಟು ಅಕ್ಷರ ಉಳಿದಿತ್ತು. ಅದು ‘ವಿರ್ತುತೆ’, ಎಂದರೆ ಶೌರ್ಯ, ಎಂದು ಬೊಬೊಕ್ ಮನೆತನ ತಲೆಮಾರುಗಳಿಂದ ನಂಬಿಕೊಂಡು ಬಂದಿತ್ತು.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪಕ್ಕದ ಬಾಲ್ಕನಿಯಲ್ಲಿ ಅಸ್ಪಾಸಿಯಾ ಆಂಟಿ ಬಟ್ಟೆ ಒಣಹಾಕುತ್ತಿದ್ದಳು. ಆಕೆ ಆ ವಸತಿ ಕಟ್ಟಡದ ಸಂಘಕ್ಕೆ ಅಧ್ಯಕ್ಷೆ. ಆಕೆಯ ಕಿವಿಗೆ ಬಿದ್ದದ್ದು ಮೆಟ್ಟಿಲಿಳಿಯುವಷ್ಟರಲ್ಲಿ ನಿರ್ಣಯವಾಗಿಬಿಡುತ್ತಿತ್ತು. ಕಟ್ಟಡದ ಬಾಗಿಲ ಪಕ್ಕ ಅಮೃತಶಿಲೆಯ ಫಲಕ ಬರಬೇಕೆಂದಾಯಿತು. “ವೀರ ಇರಿಮಿಯಾ ಬೊಬೊಕ್, ದೇಶದ 200 ಶೂರರಲ್ಲಿ ಒಬ್ಬ.” ಶನಿವಾರ ಮಧ್ಯಾಹ್ನ ಅನಾವರಣ. ಪದಕವನ್ನೂ ಆಕೆಯೇ ತೊಳೆದುಕೊಡುವುದಾಗಿ ಒಯ್ದಳು.

ಶನಿವಾರ ಬೆಳಿಗ್ಗೆ ಸೆವೆರಿನ್ ಕಾಫಿಯನ್ನು ಅರ್ಧಕ್ಕೇ ಬಿಟ್ಟೆದ್ದ. ನಿಜವಾದ ಸಂಖ್ಯೆ ಇನ್ನೂರರ ಆಸುಪಾಸಿನಲ್ಲಿದ್ದರೂ ಸಾಕು ದೇವರೇ ಎಂದು ಊರಿನ ಮ್ಯೂಸಿಯಂಗೆ ಓಡಿದ. ಅಲ್ಲಿನ ಲಿಯೊಂಟಿನಾ ಮೇಡಂ ಹಣಿಗೆಯ ಹಲ್ಲಿನಂಥ ಮಹಿಳೆ. ಯಾವ ಸಿಕ್ಕನ್ನೂ ಹಾಗೇ ಬಿಟ್ಟವರಲ್ಲ.

“ಯಾವ ದರ್ಜೆ? ಚಿನ್ನದ್ದಾ, ಬೆಳ್ಳೀದಾ? ಯಾವ ಯುದ್ಧದ್ದು?” ಎಂದು ಕೇಳಿದರು.

“ಯಾವುದಾದ್ರೂ ಸರಿ ಮೇಡಂ, ಕಮ್ಮಿ ಇರೋದನ್ನ ಹೇಳಿ.”

“ಒಂದೊಂದು ಪುಸ್ತಕದಲ್ಲಿ ಒಂದೊಂದು ಲೆಕ್ಕ. ಯುದ್ಧಕಾಲದಲ್ಲಿ ನಮ್ಮ ದೇಶದ ಚಿನ್ನ ಕಾಪಾಡೋಕೆ ಅಂತ ಮಾಸ್ಕೋಗೆ ಕಳಿಸಿದ್ರಲ್ಲ, ಎಷ್ಟೋ ಕಡತ ಅದರ ಜೊತೆ ಹೋದ್ವು, ವಾಪಸು ಬರಲಿಲ್ಲ.”

ಸೆವೆರಿನ್‌ಗೆ ಜೀವ ಬಂತು. “ಹಾಗಾದ್ರೆ ಇನ್ನೂರು ಅಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.”

“ನಾನೇ ಹೇಳ್ತೀನಲ್ಲ. ಸಾವಿರಾರು. ಬಾಕಿ ಜಗಳ ಎಷ್ಟು ಸಾವಿರ ಅನ್ನೋದರ ಮೇಲೆ. ನಾನೂ ಮಧ್ಯಾಹ್ನ ಬರ್ತಿದೀನಿ, ಆಂಟಿ ಕರೆದಿದಾರೆ.”

ಅವನ ಸುಳ್ಳು ಗೊತ್ತಿರುವವರು ಈಗ ಒಬ್ಬರಾದರು. ವಾಪಸು ಓಡಿ ಬಂದಾಗ ಕಲ್ಲುಕುಟಿಗ ಪಂತೆಲಿಯಣ್ಣ ಫಲಕದ ಸುತ್ತಲಿನ ಸಿಮೆಂಟು ಒರೆಸುತ್ತಿದ್ದ.

“ಅಣ್ಣಾ, ಇನ್ನೂರರ ಮುಂದೆ ಸೊನ್ನೆ ಸೇರಿಸೋಕಾಗತ್ತಾ?”

“ಎಷ್ಟು ಸೊನ್ನೆ?”

“ಅದೇ ಇನ್ನೂ ತೀರ್ಮಾನ ಆಗಿಲ್ಲ.”

ಪಂತೆಲಿ ಅವನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದ. ಅಷ್ಟರಲ್ಲಿ ಕಿಟಕಿಯಿಂದ ಆಂಟಿಯ ತಲೆ ಹೊರಬಂತು. “ಸುಮ್ನಿರಿ ಸೆವೆರಿನ್. ಇನ್ನೂರು ಅಂದ್ರೆ ಜನ ಟೋಪಿ ತೆಗೀತಾರೆ. ಸಾವಿರಾರು ಅಂದ್ರೆ, ನಮಗ್ಯಾಕೆ ಸಿಗ್ಲಿಲ್ಲ ಅಂತಾರೆ. ಹೋಗಿ ಟೈ ಕಟ್ಕೊಳ್ಳಿ.”

ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾವ ಹಳೆಯ ಸಮವಸ್ತ್ರದಲ್ಲಿ ಬಂದಿದ್ದರು. ಗುಂಡಿಗಳು ಹೊಟ್ಟೆಯ ಮೇಲೆ ಉಸಿರು ಬಿಗಿಹಿಡಿದು ನಿಂತಿದ್ದವು. ಪಾದ್ರಿ ಕಾಮಕಸ್ತೂರಿಯ ಕಟ್ಟನ್ನು ಪವಿತ್ರಜಲಕ್ಕೆ ಅದ್ದಿ ಫಲಕದ ಮೇಲೆ ಚಿಮುಕಿಸಿದಾಗ ಒಂದು ಹನಿ ಸೆವೆರಿನ್‌ನ ಕೆನ್ನೆಗೆ ಸಿಡಿಯಿತು. ಹೊಡೆದಂತಾಯಿತು ಅವನಿಗೆ. ಮಾವ ಫಲಕದ ಮುಂದೆ ಅಟೆನ್ಷನ್‌ನಲ್ಲಿ ನಿಂತು ಕೈಯೆತ್ತಿ ಸೆಲ್ಯೂಟ್ ಮಾಡಿದಾಗಲಂತೂ ತಡೆಯಲಾಗಲಿಲ್ಲ.

“ಮಾವ, ಕೈ ಇಳಿಸಿ. ಇನ್ನೂರು ಸುಳ್ಳು. ಬಾಟಲಿ ನೋಡಿ ಹೇಳಿದ್ದು. ಸಾವಿರಾರು ಜನಕ್ಕೆ ಕೊಟ್ಟಿದ್ರಂತೆ.”

ಮೇಜರ್ ಕೈ ಇಳಿಸಿದರು.

“ಸಾವಿರಾರು ಜನ ಧೈರ್ಯ ಮಾಡಿದ್ರೆ ನಿಮ್ಮ ಮುತ್ತಜ್ಜನ ಧೈರ್ಯ ಕಮ್ಮಿ ಆಗತ್ತೇನಯ್ಯ?” ಅಂದರು. ದನಿ ಸ್ವಲ್ಪ ಒದ್ದೆಯಾಗಿತ್ತು. “ಇಷ್ಟು ಜನದ ಮುಂದೆ ನಿಂತು ಇದನ್ನ ಹೇಳಿದೆಯಲ್ಲ. ಆ ರಕ್ತ ನಿನ್ನಲ್ಲಿದೆ. ಎಲ್ಲಿ ಪದಕ? ನನ್ನ ಕೈಯಾರೆ ಚುಚ್ತೀನಿ.”

ಸೆವೆರಿನ್‌ನ ಬೆನ್ನು ತಾನಾಗಿ ನೆಟ್ಟಗಾಯಿತು. ಇಷ್ಟು ಸುಲಭವಿತ್ತೇ ಎನ್ನಿಸಿತು.

ಅಸ್ಪಾಸಿಯಾ ಆಂಟಿ ಕಸೂತಿ ದಿಂಬಿನ ಮೇಲೆ ಪದಕ ತಂದಳು. ಅದು ಹೊಸ ತಪಲೆಯಂತೆ ಫಳಫಳಿಸುತ್ತಿತ್ತು. “ಎಲೆಕೋಸಿನ ಪೀಪಾಯಿಯ ಹುಳಿನೀರಲ್ಲಿ ವಾರ ನೆನೆಸಿದ್ದೆ,” ಎಂದಳು ಹೆಮ್ಮೆಯಿಂದ. “ಒಂದೊಂದು ಅಕ್ಷರವೂ ಎದ್ದಿದೆ. ನನ್ನ ಕನ್ನಡಕ ಸಿಗ್ಲಿಲ್ಲ, ನೀವೇ ಓದಿ ಮೇಜರ್.”

ಮೇಜರ್ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. “ವಿ… ಯೆರ್.”

ವಿಯೆರ್ ಎಂದರೆ ಗಂಡುಹಂದಿ. ಕೆಳಗೆ ಸಣ್ಣ ಅಕ್ಷರದಲ್ಲಿ ಮಿಕ್ಕದ್ದೂ ಇತ್ತು: ಜಿಲ್ಲಾ ಜಾನುವಾರು ಪ್ರದರ್ಶನ, ಮೊದಲ ಬಹುಮಾನ.

ಲಿಯೊಂಟಿನಾ ಮೇಡಂ ಜನರ ನಡುವೆ ತೂರಿಕೊಂಡು ಬಂದು ಪದಕವನ್ನು ತಿರುಗಿಸಿ ನೋಡಿದರು. ಅವರ ಮುಖ ಅರಳಿತು. “ಸೆವೆರಿನ್, ಬೆಳಿಗ್ಗೆನೇ ತೋರಿಸಬಾರದಿತ್ತಾ? ಇದು ನಿಜವಾಗ್ಲೂ ಅಪರೂಪದ್ದು. ಶೌರ್ಯ ಪದಕದ ಥರ ಅಲ್ಲ. ವರ್ಷಕ್ಕೆ ಒಂದೇ ಕೊಡ್ತಿದ್ರು.”

“ಹಾಗಾದ್ರೆ ಸೊನ್ನೆ ಸೇರಿಸೋ ಕೆಲಸ ಇಲ್ಲ,” ಅಂದ ಪಂತೆಲಿ, ಗೋಡೆಯನ್ನು ಬೆರಳಿನಿಂದ ತಟ್ಟುತ್ತ. “ಆದ್ರೆ ಫಲಕ ಕೀಳೋಕಾಗಲ್ಲ. ಸಿಮೆಂಟು ಹಿಡಿದುಬಿಟ್ಟಿದೆ.”

ಮೇಜರ್ ಪದಕವನ್ನು ಅಳಿಯನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

“ಎಲ್ಲ ಅರ್ಥ ಆಯ್ತು ಅಳಿಯಂದ್ರೇ. ಒಂದು ಮಾತ್ರ ಗೊತ್ತಾಗ್ಲಿಲ್ಲ. ಪದಕ ಹಾಕಿಸ್ಕೊಂಡೋರು, ಹಗ್ಗ ಹಿಡಿದು ಪಕ್ಕದಲ್ಲಿ ನಿಂತೋರು, ಇಬ್ಬರಲ್ಲಿ ನಿಮ್ಮ ಮುತ್ತಜ್ಜ ಯಾರು?”

ಸೆವೆರಿನ್ ಪದಕವನ್ನು ಜೇಬಿಗಿಳಿಸಿದ. ಅಂಗೈ ಎಲೆಕೋಸಿನ ಹುಳಿ ನಾರುತ್ತಿತ್ತು. ಅಸ್ಪಾಸಿಯಾ ಆಂಟಿಗೆ ಪಾಪ ಅನ್ನಿಸಿರಬೇಕು, ಎಲೆಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಬಿಸಿ ಸರ್ಮಲೆಯನ್ನು ತಟ್ಟೆಯ ತುಂಬ ತಂದು ಅವನ ಮುಂದೆ ಹಿಡಿದಳು.

“ಸಂಕೋಚ ಬೇಡ, ತಿನ್ನಿ,” ಅಂದಳು ಮೆಲ್ಲಗೆ. “ಒಳಗಿರೋದು ಹಂದಿಮಾಂಸ. ಆದ್ರೆ ನಿಮ್ಮ ಕಡೆಯೋರಲ್ಲ, ಸಂತೇಲಿ ತಂದಿದ್ದು.”